ಬೈರಪ್ಪನ ಕಾರಿನ ಕಾಣದ ಬೆಲ್ಟು

ನಮ್ಮೂರು ಸೂಲಿಬೆಲೆಯಿಂದ ನಂದಗುಡಿ ಕಡೆಗೆ ಹೋಗುವ ದಾರಿಯಲ್ಲಿದೆ. ಊರಿಗೆಲ್ಲ ಇರುವುದು ಒಂದೇ ಹಿಟ್ಟಿನ ಮಿಲ್ಲು, ಅದರ ಯಜಮಾನ ಬೈರಪ್ಪ. ಮಿಲ್ಲಿನ ಎದುರು ಮನೆಯೇ ನಮ್ಮದು. ಹಾಗಾಗಿ ಈ ಕಥೆಯಲ್ಲಿ ಮುಕ್ಕಾಲು ಪಾಲು ನನ್ನ ಕಣ್ಣೆದುರಿಗೇ ನಡೆದದ್ದು. ಉಳಿದ ಕಾಲು ಪಾಲನ್ನು ಬೈರಪ್ಪನ ಹೆಂಡತಿ ಜ್ಯೋತಿಲಕ್ಷ್ಮಿ ನಮ್ಮ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೇಳಿದ್ದು.

ಒಂದು ಗುರುವಾರ ಬೆಳಗ್ಗೆ ನಾನು ರಾಗಿ ಚೀಲ ಹೊತ್ತುಕೊಂಡು ಹೋದರೆ ಮಿಲ್ಲು ನಿಂತಿತ್ತು. ಮೋಟರಿನಿಂದ ಕಲ್ಲನ್ನು ತಿರುಗಿಸುವ ಉದ್ದನೆಯ ಬೆಲ್ಟು ಹರಿದು ನೆಲದ ಮೇಲೆ ಬಿದ್ದಿತ್ತು. ಏಳೆಂಟು ಜನ ಚೀಲ, ಡಬ್ಬ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಬೈರಪ್ಪ ಮಾತ್ರ ಬೆಲ್ಟನ್ನು ತೊಡೆಯ ಮೇಲೆ ಹಾಕಿಕೊಂಡು, ಹರಿದ ಎರಡು ತುದಿಯನ್ನೂ ಸೇರಿಸಿ ಆರಾಮಾಗಿ ಹೊಲಿಯುತ್ತಿದ್ದ.

"ಏನಪ್ಪಾ ಬೈರಪ್ಪ, ಮಧ್ಯಾಹ್ನಕ್ಕೆ ಮುದ್ದೆ ಉಂಟೋ ಇಲ್ವೋ?" ಎಂದೆ.

"ಅರ್ಧ ಗಂಟೆ ತಡಿಯಕ್ಕ. ಆಗ್ಲಿಲ್ಲ ಅಂದ್ರೆ ನಾಳೆ ಬನ್ನಿ. ರಾಗಿ ಏನು ಓಡಿಹೋಗ್ತದಾ?"

"ಹರಿಯೋದು ಮೊದಲೇ ಗೊತ್ತಾಗ್ಲಿಲ್ವಾ ನಿಂಗೆ?"

"ಗೊತ್ತಾಗ್ದೇ ಏನು! ಎರಡು ದಿನದಿಂದ ಕೀರ್ ಅಂತಿತ್ತು. ಇಪ್ಪತ್ತೆಂಟು ವರ್ಷದಿಂದ ಬೆಲ್ಟಿನ ಜೊತೆ ಸಂಸಾರ ಮಾಡಿದ್ದೀನಿ ಕಣಕ್ಕ. ಸಡಿಲ ಆದ್ರೆ ಒಂದು ಸದ್ದು, ಒಣಗಿದ್ರೆ ಇನ್ನೊಂದು ಸದ್ದು. ಕಣ್ಣು ಮುಚ್ಕೊಂಡು ಹೇಳ್ತೀನಿ."

"ಹಂಗಿದ್ರೆ ನಿನ್ನೇನೇ ಸರಿ ಮಾಡ್ಬಾರದಿತ್ತಾ?"

"ಹರಿದ್ಮೇಲೆ ಹೊಲಿದ್ರೆ ಆಯ್ತು. ಅದಕ್ಯಾಕೆ ಅವಸರ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಹೇಳಿದಂತೆಯೇ ಅರ್ಧ ಗಂಟೆಯಲ್ಲಿ ಮಿಲ್ಲು ಓಡಿತು, ನಮ್ಮ ಮನೆಯಲ್ಲಿ ಮುದ್ದೆಯೂ ಆಯಿತು. ಬೈರಪ್ಪನ ಕೈಗುಣದ ಬಗ್ಗೆ ನಮಗ್ಯಾರಿಗೂ ಅನುಮಾನವಿಲ್ಲ. ಆದರೆ ಅವನ ತೊಂದರೆ ಶುರುವಾದದ್ದೇ ಅಲ್ಲಿಂದ. ಬೆಲ್ಟು ಅಂದರೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಅವನು ನಂಬಿಬಿಟ್ಟಿದ್ದ.

ಆ ವಾರ ಬೈರಪ್ಪನ ಮನೆಯಲ್ಲಿ ಸಡಗರವೋ ಸಡಗರ. ಮಗಳು ಯಶಸ್ವಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು, ಹೆಸರು ಕೀರ್ತನ. ಗುಂಡುಗುಂಡಗೆ, ಯಾರು ಎತ್ತಿಕೊಂಡರೂ ಬೊಚ್ಚುಬಾಯಿ ಬಿಟ್ಟು ನಗುವ ಕೂಸು. ಈಗ ತಾಯಿ ಮಗುವನ್ನು ಗಂಡನ ಮನೆಗೆ ಕಳಿಸುವ ಹೊತ್ತು ಬಂದಿತ್ತು. ನಮ್ಮ ಕಡೆ ಬಾಣಂತಿಯನ್ನು ಮೂರು, ಐದು ಹೀಗೆ ಬೆಸ ತಿಂಗಳಲ್ಲೇ ಕಳಿಸುತ್ತಾರೆ. ಮೂರನೇ ತಿಂಗಳಲ್ಲಿ ಕೂಸಿಗೆ ನೆಗಡಿಯಾಗಿ ಹೊರಡುವುದು ತಪ್ಪಿಹೋಗಿತ್ತು. ಈಗ ಐದನೇ ತಿಂಗಳು ಮುಗಿಯಲು ಬಂದಿತ್ತು. ಬರುವ ಸೋಮವಾರ ಒಳ್ಳೆಯ ದಿನ. ಅದು ತಪ್ಪಿದರೆ ಏಳನೇ ತಿಂಗಳಿಗೆ ಕಾಯಬೇಕು. ಅಳಿಯ ಅಮರ್ ಅಂತೂ ದಿನಕ್ಕೆ ನಾಲ್ಕು ಸಲ ವಿಡಿಯೋ ಕಾಲ್ ಮಾಡಿ, "ಮಗೂನ ಯಾವಾಗ ಕಳಿಸ್ತೀರ?" ಎಂದು ಕೇಳುತ್ತಿದ್ದ.

ಅಳಿಯನ ಊರು ನೆಲಮಂಗಲದ ಆಚೆ. ದೇವನಹಳ್ಳಿ, ದೊಡ್ಡಬಳ್ಳಾಪುರ ದಾಟಿ ಹೋಗಬೇಕು. ದಾರಿಯುದ್ದಕ್ಕೂ ಲಾರಿಗಳ ಸಾಲು. ಅಷ್ಟು ದೂರ ಮೊಮ್ಮಗಳನ್ನು ತನ್ನ ಸ್ವಂತ ಕಾರಿನಲ್ಲೇ ಕೂರಿಸಿಕೊಂಡು ಹೋಗಬೇಕೆಂಬುದು ಬೈರಪ್ಪನ ಆಸೆ. ಯಶಸ್ವಿನಿ ಹುಟ್ಟಿದಾಗ ಅವಳನ್ನು ಆಸ್ಪತ್ರೆಯಿಂದ ತಂದದ್ದು ಯಾರದೋ ತರಕಾರಿ ಟೆಂಪೋದಲ್ಲಿ, ಮೂಲಂಗಿ ಮೂಟೆಗಳ ನಡುವೆ. ಆ ನೋವು ಅವನ ಎದೆಯಲ್ಲಿ ಇಷ್ಟು ವರ್ಷ ಉಳಿದಿತ್ತು. "ಕೂಸು ಮಾತ್ರ ತಾತನ ಕಾರಲ್ಲಿ ಮಹಾರಾಣಿ ಹಂಗೆ ಹೋಗ್ಬೇಕು" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಕಾರೂ ಹಾಗೇ ಇತ್ತು, ಕಣ್ಣು ತುಂಬುವ ಹಾಗೆ. ಆರು ವರ್ಷದ ಹಿಂದೆ ಹೊಸಕೋಟೆಯಲ್ಲಿ ಒಬ್ಬ ಬ್ಯಾಂಕ್ ನೌಕರರಿಂದ ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ದಿನಾ ಒರೆಸುತ್ತಾನೆ, ಶೆಡ್ಡಿನಲ್ಲಿ ನಿಲ್ಲಿಸಿ ಮೇಲೆ ಹೊದಿಕೆ ಹೊದಿಸುತ್ತಾನೆ. ಹಬ್ಬ, ಮದುವೆ, ಆಸ್ಪತ್ರೆ ಬಿಟ್ಟರೆ ಹೊರಗೆ ತೆಗೆಯುವುದೇ ಇಲ್ಲ. ಮಳೆ ಬರುವ ಹಾಗಿದ್ದರಂತೂ ಮದುವೆಗೂ ಇಲ್ಲ.

ಅದೇ ಗುರುವಾರ ಸಂಜೆ ಅವರ ಅಂಗಳದಲ್ಲಿ ಚಿಗಳಿ ಕುಟ್ಟುವ ಕೆಲಸ. ಮಗಳ ಜೊತೆ ಬೀಗರ ಮನೆಗೆ ಕಳಿಸಲು ಎಳ್ಳು ಬೆಲ್ಲದ ಚಿಗಳಿ ಆಗಲೇಬೇಕು. ಮನೆಯಲ್ಲೇ ಮಿಲ್ಲಿದ್ದರೂ ಬೈರಪ್ಪನ ತಾಯಿ ಅಕ್ಕಯಮ್ಮ ಎಳ್ಳನ್ನು ಮಿಲ್ಲಿಗೆ ಹಾಕಲು ಬಿಡುವುದಿಲ್ಲ. "ಮಿಷನ್ನಿಗೆ ಹಾಕಿದ್ ಎಳ್ಳು ಬಾಯಿಗಿಟ್ರೆ ಸಪ್ಪೆ" ಅನ್ನುತ್ತಾಳೆ. ಅಂಗಳದ ಒರಳಿನ ಒಂದು ಕಡೆ ಅಕ್ಕಯಮ್ಮ, ಇನ್ನೊಂದು ಕಡೆ ಪಕ್ಕದ ಮನೆಯ ಮುತ್ತಮ್ಮ. ಇಬ್ಬರ ಕೈಯಲ್ಲೂ ಒನಕೆ. ಒಬ್ಬಳ ಒನಕೆ ಮೇಲೆ ಹೋದಾಗ ಇನ್ನೊಬ್ಬಳದು ಕೆಳಗೆ. ಇಬ್ಬರಿಗೂ ಎಪ್ಪತ್ತು ದಾಟಿದೆ, ಆದರೂ ಒಂದೇ ಒಂದು ಪೆಟ್ಟು ತಪ್ಪುವುದಿಲ್ಲ. ಬೆಲ್ಲ ಪುಡಿ ಮಾಡಿಕೊಡಲು ನಾನೂ ಹೋಗಿದ್ದೆ. ಬೆಲ್ಲದ ಒಂದೆರಡು ಚೂರು ಬಾಯಿಗೂ ಹೋದವು ಅನ್ನಿ.

ಆ ಹೊತ್ತಿಗೆ ಮುತ್ತಮ್ಮನ ಮೊಮ್ಮಗಳು ಸಿಂಚನ ಸ್ಕೂಟರಿನಲ್ಲಿ ಬಂದಳು. ಡಿಪ್ಲೊಮಾ ಓದಿ ಹೊಸಕೋಟೆಯ ಒಂದು ಕಾರು ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗಿ. ಮೊದಮೊದಲು "ಹೆಣ್ಣುಡುಗಿ ಕಾರು ಬಿಚ್ಚೋದಾ?" ಎಂದು ಮೂಗು ಮುರಿದವರೇ ಈಗ ಗಾಡಿ ಕೆಟ್ಟರೆ ಮೊದಲು ಅವಳಿಗೇ ಫೋನ್ ಮಾಡುತ್ತಾರೆ. ಅವಳು ಒಳಗೆ ಹೋಗಿ ಕೂಸನ್ನು ಮುದ್ದಾಡಿ ಹೊರಗೆ ಬರುತ್ತಲೇ ಬೈರಪ್ಪ ಕರೆದ.

"ಸಿಂಚನಾ, ಬಾವ್ವ ಇಲ್ಲಿ. ಸೋಮವಾರ ದೂರ ಹೋಗೋದೈತೆ. ಕಾರನ್ನ ಸ್ವಲ್ಪ ಕಣ್ಣಾಡ್ಸು."

ಸಿಂಚನ ಮುಂದಿನ ಮುಚ್ಚಳ ಎತ್ತಿದಳು. ಎಣ್ಣೆ ನೋಡಿದಳು, ನೀರು ನೋಡಿದಳು, ಚಕ್ರದ ಗಾಳಿ ನೋಡಿದಳು. ಎಲ್ಲದಕ್ಕೂ ತಲೆಯಾಡಿಸಿದಳು. ಬೈರಪ್ಪನ ಎದೆ ಉಬ್ಬುತ್ತಾ ಹೋಯಿತು.

"ದೊಡ್ಡಪ್ಪ, ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯ್ಸಿದ್ದು?"

"ಹೋದ ವರ್ಷ ತಾನೇ ಹಾಕಿಸ್ದೆ! ನೋಡಲ್ಲಿ, ಕಪ್ಪಗೆ ಹೊಳೀತಾ ಐತೆ."

ಸಿಂಚನ ನಕ್ಕಳು. "ಇದು ಹೊರಗಿನ ಬೆಲ್ಟು ದೊಡ್ಡಪ್ಪ. ಬ್ಯಾಟರಿ ಚಾರ್ಜ್ ಆಗೋಕೆ ಇರೋದು. ನಾನ್ ಕೇಳಿದ್ದು ಒಳಗಿನ ಬೆಲ್ಟು. ಈ ಪ್ಲಾಸ್ಟಿಕ್ ಕವರ್ ಹಿಂದೆ ಇರುತ್ತೆ, ಹೊರಗಿಂದ ಕಾಣಲ್ಲ."

"ಕಾಣಲ್ಲ ಅಂದ್ಮೇಲೆ ಅದಕ್ಕೇನು ಧೂಳಾ, ಬಿಸಿಲಾ? ಚೆನ್ನಾಗೇ ಇರ್ತದೆ ಬಿಡು. ಗಾಡಿ ಓಡಿರೋದೇ ನಲವತ್ತೊಂದು ಸಾವಿರ ಕಿಲೋಮೀಟ್ರು."

"ಗಾಡಿಗೆ ಎಷ್ಟು ವರ್ಷ ಆಯ್ತು?"

"ಹನ್ನೊಂದು."

"ಮೊದಲ್ನೇ ಓನರ್ ಬದಲಾಯ್ಸಿದ್ರಾ? ಬಿಲ್ ಏನಾದ್ರೂ ಇದ್ಯಾ?"

ಬೈರಪ್ಪ ತಲೆ ಕೆರೆದುಕೊಂಡ. ಕಾರು ಕೊಳ್ಳುವಾಗ ಅವನು ಸೀಟು ನೋಡಿದ್ದ, ಟೈರು ನೋಡಿದ್ದ, ಹಾರನ್ ಹೊಡೆದು ನೋಡಿದ್ದ. ಇದನ್ನು ಕೇಳಬೇಕೆಂದು ಹೊಳೆದಿರಲೇ ಇಲ್ಲ. ಸಿಂಚನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಕಾರಿನ ಜೊತೆ ಬಂದ ಪುಸ್ತಕ ತೆಗೆದು, ಒಂದು ಪುಟದ ಮೇಲೆ ಬೆರಳಿಟ್ಟಳು.

"ನೋಡಿ, ನಿಮ್ಮ ಕಾರಿಗೆ ಒಂದು ಲಕ್ಷ ಕಿಲೋಮೀಟರ್ ಇಲ್ಲಾ ಆರು ವರ್ಷ. ಯಾವುದು ಮೊದಲು ಬರುತ್ತೋ ಅವಾಗ ಬದಲಾಯ್ಸಬೇಕು. ಕಿಲೋಮೀಟರ್ ಆಗಿಲ್ಲ, ಆದ್ರೆ ವರ್ಷ ಆಗಿ ಎಷ್ಟು ಕಾಲ ಆಯ್ತು!"

"ಓಡ್ದೇ ಇದ್ರೂ ಸವೀತದಾ?"

"ರಬ್ಬರ್ ಅಲ್ವಾ ದೊಡ್ಡಪ್ಪ. ನಿಂತಲ್ಲೇ ವಯಸ್ಸಾಗುತ್ತೆ. ಇಂಜಿನ್ ಬಿಸಿ ಬೇರೆ. ಗಾಡಿ ಓಡ್ಸಿದ್ರೂ ಓಡ್ಸದಿದ್ರೂ ಒಣಗಿ ಬಿರುಕು ಬಿಡುತ್ತೆ."

ಅಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದ ಬೈರಪ್ಪ ಈಗ ಸೆಟೆದು ನಿಂತ. "ಲೇ ಅವ್ವ, ನಂಗೆ ಬೆಲ್ಟಿನ ವಿಷ್ಯ ಹೇಳಿಕೊಡ್ತೀಯಾ? ಹರಿಯೋ ಮುಂಚೆ ಬೆಲ್ಟು ಸದ್ದು ಮಾಡ್ತದೆ. ಹರಿದ್ರೂ ಏನಾಯ್ತದೆ? ಗಾಡಿ ನಿಂತ್ಕೊತದೆ. ಹೊಲ್ಕೊಂಡು, ಇಲ್ಲ ಹೊಸದು ಹಾಕ್ಕೊಂಡು ಮುಂದಕ್ಕೆ ಹೋಗೋದು. ಬೆಳಗ್ಗೆ ನೋಡಿಲ್ವಾ ಅಕ್ಕ ನೀನೇ?" ಎಂದು ನನ್ನನ್ನೂ ಸಾಕ್ಷಿಗೆ ಎಳೆದ. ನನ್ನ ಬಾಯಲ್ಲಿ ಬೆಲ್ಲವಿತ್ತು. ಉತ್ತರ ಕೊಡುವ ಕಷ್ಟ ತಪ್ಪಿತು.

ಸಿಂಚನ ಸಿಟ್ಟು ಮಾಡಿಕೊಳ್ಳಲಿಲ್ಲ. ಒಂದು ಗಳಿಗೆ ಯೋಚಿಸಿ ಒರಳಿನ ಕಡೆ ನೋಡಿದಳು.

"ಅಜ್ಜಿ, ನಿನ್ನ ಒನಕೆ ದೊಡ್ಡಪ್ಪನಿಗೆ ಕೊಡು. ದೊಡ್ಡಪ್ಪ, ನಿಮ್ಮವ್ವನ ಜೊತೆ ಸ್ವಲ್ಪ ಕುಟ್ಟಿ."

"ನಾನಾ? ಚಿಗಳಿನಾ?"

"ಕುಟ್ಟೋ ಬೈರ," ಎಂದಳು ಅಕ್ಕಯಮ್ಮ. "ತಿನ್ನಕ್ಕೆ ಮುಂದೆ ಬರ್ತೀಯಲ್ಲ."

ಬೈರಪ್ಪ ಲುಂಗಿ ಎತ್ತಿ ಕಟ್ಟಿ ಒನಕೆ ಹಿಡಿದ. ಮೊದಲೆರಡು ಪೆಟ್ಟು ಅಡ್ಡಾದಿಡ್ಡಿ. ಆಮೇಲೆ ಅಕ್ಕಯಮ್ಮ "ಹುಂ... ಹುಂ..." ಎಂದು ದನಿ ಕೊಟ್ಟಳು. ಮಗ ಆ ದನಿಗೆ ಸರಿಯಾಗಿ ಕುಟ್ಟತೊಡಗಿದ. ತಾಯಿಯ ಒನಕೆ ಮೇಲೆ, ಮಗನದು ಕೆಳಗೆ. ಮಗನದು ಮೇಲೆ, ತಾಯಿಯದು ಕೆಳಗೆ. ಯಶಸ್ವಿನಿ ಕೂಸನ್ನು ಎತ್ತಿಕೊಂಡು ಹೊಸಿಲಿಗೆ ಬಂದು ನಿಂತು, "ನೋಡು ಕೀರ್ತು, ನಿಮ್ಮ ತಾತ ಚಿಗಳಿ ಕುಟ್ತಾವ್ರೆ!" ಎಂದಳು. ಬೈರಪ್ಪನಿಗೆ ಹುರುಪು ಬಂದು ವೇಗ ಹೆಚ್ಚಿತು.

ಸಿಂಚನ ಅಕ್ಕಯಮ್ಮನ ಬೆನ್ನ ಹಿಂದೆ ಹೋಗಿ ಕಿವಿಯಲ್ಲಿ ಏನೋ ಹೇಳಿದಳು. ಮರುಕ್ಷಣ ಅಕ್ಕಯಮ್ಮ ದನಿ ನಿಲ್ಲಿಸಿ, ತನ್ನ ಒನಕೆಯನ್ನು ಒರಳೊಳಗೆ ಇಳಿಸಿ ಅಲ್ಲೇ ನಿಲ್ಲಿಸಿಬಿಟ್ಟಳು. ಬೈರಪ್ಪನ ಒನಕೆ ಆಗಲೇ ಮೇಲಿನಿಂದ ಇಳಿಯುತ್ತಿತ್ತು. ತಡೆಯಲು ಆಗಲಿಲ್ಲ. ಟಕ್ ಎಂದು ಒನಕೆಗೆ ಒನಕೆ ಬಡಿಯಿತು. ಅಕ್ಕಯಮ್ಮನ ಒನಕೆಯಿಂದ ಒಂದು ಸಿಬಿರು ಹಾರಿತು. ಎಳ್ಳು ಬೆಲ್ಲವೆಲ್ಲ ಎಗರಿ ಮುತ್ತಮ್ಮನ ತಲೆಯ ಮೇಲೆ, ನನ್ನ ಸೀರೆಯ ಮೇಲೆ. ಬೈರಪ್ಪ ಮಣಿಕಟ್ಟು ಹಿಡಿದುಕೊಂಡು, "ಅಯ್ಯಯ್ಯೋ! ಯಾಕವ್ವ ನಿಲ್ಸಿದ್ದು?" ಎಂದು ಕೂಗಿದ.

"ನನ್ನೇನು ಕೇಳ್ತೀಯಾ, ಇವಳು ನಿಲ್ಸು ಅಂದ್ಲು ನಿಲ್ಸ್ದೆ," ಎಂದಳು ಅಕ್ಕಯಮ್ಮ.

ಕೂಸು ಒಮ್ಮೆ ಬೆಚ್ಚಿ, ಆಮೇಲೆ ಕಿಲಕಿಲ ನಕ್ಕಿತು. ಅದು ನಕ್ಕಿದ್ದೇ ತಡ, ಅಂಗಳವೇ ನಕ್ಕಿತು. ಮುತ್ತಮ್ಮ ತಲೆಯ ಮೇಲಿನ ಚಿಗಳಿ ತೆಗೆದು ಬಾಯಿಗೆ ಹಾಕಿಕೊಂಡು, "ಬೆಲ್ಲ ಇನ್ನೊಂಚೂರು ಬೇಕು ಕಣೆ ಅಕ್ಕಯ್ಯ" ಎಂದಳು.

ನಗು ಇಳಿದ ಮೇಲೆ ಸಿಂಚನ ಹೇಳಿದಳು. "ದೊಡ್ಡಪ್ಪ, ಇಂಜಿನ್ ಒಳಗೂ ಹೀಗೇ. ಕೆಳಗಿಂದ ಒನಕೆ ಥರ ಪಿಸ್ಟನ್ನು ಮೇಲೆ ಕೆಳಗೆ ಹೋಗ್ತಾ ಇರುತ್ತೆ. ಮೇಲ್ಗಡೆಯಿಂದ ವಾಲ್ವು, ಅಂದ್ರೆ ಸಣ್ಣ ಬಾಗಿಲು ಇದ್ದ ಹಾಗೆ, ಇಳಿದು ತೆಗೆದು ಮುಚ್ಚಿಕೊಳ್ತಾ ಇರುತ್ತೆ. ಇಬ್ಬರೂ ಬರೋದು ಒಂದೇ ಜಾಗಕ್ಕೆ, ಆದ್ರೆ ಬೇರೆ ಬೇರೆ ಹೊತ್ತಿಗೆ. ಆ ಹೊತ್ತು ತಪ್ಪದ ಹಾಗೆ ಇಬ್ಬರನ್ನೂ ಕಟ್ಟಿ ಹಾಕಿರೋದೇ ಟೈಮಿಂಗ್ ಬೆಲ್ಟು. ಈಗ ಅಜ್ಜಿ ದನಿ ಕೊಟ್ರಲ್ಲ, ಹಾಗೆ. ಅದು ಹರಿದ್ರೆ ವಾಲ್ವು ಎಲ್ಲಿತ್ತೋ ಅಲ್ಲೇ ನಿಂತುಬಿಡುತ್ತೆ. ಪಿಸ್ಟನ್ನು ಬಂದು ಬಡಿಯುತ್ತೆ. ಒಂದು ನಿಮಿಷಕ್ಕೆ ಎರಡು ಸಾವಿರ ಸಲ ಕುಟ್ಟೋ ಒನಕೆ ಅದು. ವಾಲ್ವು ಸೊಟ್ಟಗಾಗುತ್ತೆ, ಎಷ್ಟೋ ಗಾಡಿಗಳಲ್ಲಿ ಇಂಜಿನ್ನೇ ಬಿಚ್ಚಬೇಕಾಗುತ್ತೆ. ಹೊಲಿಯೋಕೆ ಬರಲ್ಲ."

"ಸದ್ದು?" ಎಂದ ಬೈರಪ್ಪ ಮೆಲ್ಲಗೆ. "ಮುಂಚೆ ಸದ್ದಾದ್ರೂ ಮಾಡ್ತದಲ್ವಾ?"

"ಹೆಚ್ಚಿನ ಸಲ ಮಾಡಲ್ಲ. ಇವತ್ತು ಚೆನ್ನಾಗಿ ಓಡಿರುತ್ತೆ, ನಾಳೆ ಫಟ್ ಅಂತ ಹೋಗುತ್ತೆ. ಲಾರಿಗಳ ಮಧ್ಯೆ ಇಂಜಿನ್ ನಿಂತ್ರೆ ಸ್ಟೇರಿಂಗ್ ಗಟ್ಟಿಯಾಗುತ್ತೆ, ಬ್ರೇಕ್ ಒತ್ತೋದು ಕಷ್ಟ. ಅದಕ್ಕೇ ಹೇಳ್ತಿರೋದು."

ಇಷ್ಟಾದರೂ ಬೈರಪ್ಪ ಸೋಲಲಿಲ್ಲ. ಮಣಿಕಟ್ಟು ತಿಕ್ಕಿಕೊಳ್ಳುತ್ತಾ, "ಆಯ್ತು ಕಣವ್ವ. ಸೋಮವಾರ ಹೋಗಿ ಬಂದ್ಬಿಡ್ತೀನಿ, ಆಮೇಲೆ ಹಾಕಿಸ್ತೀನಿ. ಹನ್ನೊಂದು ವರ್ಷ ಇದ್ದಿದ್ದು ಇನ್ನೊಂದು ದಿನ ಇರಲ್ವಾ?" ಎಂದ.

ಹೊಸಿಲಿನಲ್ಲಿದ್ದ ಯಶಸ್ವಿನಿ ಒಂದೇ ಮಾತಿನಲ್ಲಿ ಮುಗಿಸಿದಳು. "ಹಂಗಾದ್ರೆ ನಾನು ಬಾಡಿಗೆ ಕಾರು ಮಾಡ್ಕೊಂಡು ಹೋಗ್ತೀನಿ ಅಪ್ಪ. ಕೂಸನ್ನ ಇದರಲ್ಲಿ ಕೂರ್ಸಲ್ಲ."

ಬೈರಪ್ಪನ ಮುಖ ಬಾಡಿತು. ಕಾರಿನ ಮೇಲೆ ಹೊದಿಕೆ ಹೊದಿಸಿ ಮಿಲ್ಲಿನೊಳಗೆ ಹೋಗಿ ಕೂತ. ನೋಡಿದವರಿಗೆ ಪಾಪ ಅನ್ನಿಸಿತು. ನನಗೂ ಅನ್ನಿಸಿತು. ಮೊಮ್ಮಗಳು ಯಾರದೋ ಕಾರಿನಲ್ಲಿ ಹೋಗುವುದನ್ನು ನಿಂತು ನೋಡಬೇಕಲ್ಲ ಎಂಬ ಸಂಕಟ ಒಂದು ಕಡೆ, ಅಷ್ಟು ಜನರೆದುರು ಚಿಕ್ಕ ಹುಡುಗಿಯ ಮಾತಿಗೆ ಒಪ್ಪಬೇಕಲ್ಲ ಎಂಬ ಬಿಗುಮಾನ ಇನ್ನೊಂದು ಕಡೆ. ಆ ದಿನ ಅವನು ಅರ್ಧ ಮುದ್ದೆಗೇ ಎದ್ದನಂತೆ.

ಶುಕ್ರವಾರ ಬೆಳಗ್ಗೆ ಯಶಸ್ವಿನಿ ಸ್ನಾನಕ್ಕೆ ಹೋಗುವಾಗ ಕೂಸನ್ನು ಅಪ್ಪನ ತೊಡೆಯ ಮೇಲೆ ಮಲಗಿಸಿ ಹೋದಳು. ಕೂಸು ತಾತನ ಹಿಟ್ಟು ಮೆತ್ತಿದ ಬೆರಳನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಅಷ್ಟರಲ್ಲಿ ಯಾರೋ ರಾಗಿ ತಂದರು. ಬೈರಪ್ಪ ಕೂತಲ್ಲಿಂದಲೇ, "ಈಗ ಆಗಕ್ಕಿಲ್ಲ, ನಾಳೆ ಬನ್ನಿ" ಎಂದ. ಜ್ಯೋತಿಲಕ್ಷ್ಮಿ ಒಳಗಿನಿಂದ ನೋಡುತ್ತಿದ್ದಳಂತೆ. ಕೂಸಿನ ಮುಖವನ್ನೇ ಎಷ್ಟೋ ಹೊತ್ತು ನೋಡಿ, ಅವನು ಅವಳನ್ನು ಕರೆದ.

"ಜ್ಯೋತಿ, ಮಿಲ್ಲಿನ ಬೆಲ್ಟು ಹರಿದ್ರೆ ಜನಕ್ಕೆ ನಾಳೆ ಬನ್ನಿ ಅಂತೀನಿ. ದೇವನಳ್ಳಿ ರಸ್ತೇಲಿ, ಹಿಂದೆ ಲಾರಿ ಬತ್ತಿರ್ತದೆ, ಮಗಳ ತೊಡೆ ಮೇಲೆ ಇದು ಮಲಗಿರ್ತದೆ. ಆವಾಗ ಯಾರಿಗೆ ನಾಳೆ ಬಾ ಅನ್ಲಿ?"

"ಅದನ್ನೇ ತಾನೇ ಎಲ್ಲಾರೂ ನಿನ್ನೆಯಿಂದ ಹೇಳ್ತಿರೋದು," ಎಂದಳು ಜ್ಯೋತಿಲಕ್ಷ್ಮಿ. "ಫೋನ್ ಎಲ್ಲಿಟ್ಟಿದ್ದೀರಿ, ಕೊಡಿ ಇಲ್ಲಿ."

ಅವಳೇ ನಂಬರ್ ಒತ್ತಿ ಕೈಗೆ ಕೊಟ್ಟಳು. ಬೈರಪ್ಪ ಗಂಟಲು ಸರಿಮಾಡಿಕೊಂಡು, "ಸಿಂಚನಾ, ಆ ಬೆಲ್ಟು... ಸೋಮವಾರದೊಳಗೆ ಆಯ್ತದಾ ಅವ್ವ?" ಎಂದ. ಆ ಕಡೆಯಿಂದ ಬಂದ ನಗು ನಡುಮನೆಯವರೆಗೂ ಕೇಳಿಸಿತಂತೆ.

ಬೆಲ್ಟು ಬೆಂಗಳೂರಿನಿಂದ ಬರಬೇಕಿತ್ತು. ಶನಿವಾರ ಸಂಜೆ ಬಂತು. ಭಾನುವಾರ ಸಿಂಚನಳಿಗೆ ರಜೆ, ಆದರೂ ಗ್ಯಾರೇಜಿನ ಯಜಮಾನರನ್ನು ಕೇಳಿ ಬಾಗಿಲು ತೆಗೆಸಿದಳು. ಬೈರಪ್ಪ ಬೆಳಗ್ಗೆ ಎಂಟಕ್ಕೇ ಹೋಗಿ ಸ್ಟೂಲ್ ಎಳೆದುಕೊಂಡು ಕೂತ. ಹೊಸಕೋಟೆ ಸಂತೆಗೆ ಹೋಗಿದ್ದ ನಾನು ವಾಪಸ್ಸು ಬರಲು ಅವನ ಕಾರೇ ಗತಿಯಾದ್ದರಿಂದ ನಾನೂ ತರಕಾರಿ ಚೀಲ ಇಟ್ಟುಕೊಂಡು ಅಲ್ಲೇ ಕೂತೆ.

ಪ್ಲಾಸ್ಟಿಕ್ ಕವರ್ ಕಳಚಿ, ಅದು ಇದು ಬಿಚ್ಚಿ, ಸಿಂಚನ ಹಳೆಯ ಬೆಲ್ಟನ್ನು ಹೊರಗೆ ತೆಗೆದಳು. ಕಪ್ಪು ಪಟ್ಟಿ, ಒಳಗಡೆ ಸಾಲಾಗಿ ಹಲ್ಲು. ನನ್ನ ಕಣ್ಣಿಗೆ ಚೆನ್ನಾಗಿಯೇ ಕಂಡಿತು. ಅವಳು ಅದನ್ನು ಬೈರಪ್ಪನ ಕೈಗೆ ಕೊಟ್ಟಳು.

ಬೈರಪ್ಪ ಕಣ್ಣು ಮುಚ್ಚಿ ಬೆರಳಾಡಿಸಿದ. ಇಪ್ಪತ್ತೆಂಟು ವರ್ಷದ ಬೆರಳು. ಆಮೇಲೆ ಬೆಲ್ಟನ್ನು ಹಿಮ್ಮುಖವಾಗಿ ಬಗ್ಗಿಸಿದ. ಹಲ್ಲುಗಳ ಬುಡದಲ್ಲೆಲ್ಲ ಬೇಸಿಗೆಯ ಹಿಮ್ಮಡಿಯಂತೆ ಸಣ್ಣ ಸಣ್ಣ ಬಿರುಕು. ಎರಡು ಹಲ್ಲು ಅರ್ಧಕ್ಕರ್ಧ ಕಿತ್ತುಬಂದಿದ್ದವು. ಒಂದು ಬದಿಗೆ ಎಣ್ಣೆ ಮೆತ್ತಿಕೊಂಡು ರಬ್ಬರು ಮೆತ್ತಗಾಗಿತ್ತು.

"ಮೊನ್ನೆ ನನ್ನ ಮಿಲ್ಲಲ್ಲಿ ಹರಿದ ಬೆಲ್ಟೂ ಇಷ್ಟು ಹಾಳಾಗಿರ್ಲಿಲ್ಲ," ಎಂದ. ಬೆಲ್ಟನ್ನು ಮತ್ತೊಮ್ಮೆ ಬಗ್ಗಿಸಿ ನೋಡಿದ. "ಒಂದೇ ಒಂದು ಸದ್ದು ಮಾಡ್ಲಿಲ್ವಲ್ಲವ್ವ ಇದು. ಇದನ್ನ ನಂಬ್ಕೊಂಡು ಕೂಸನ್ನ ಕೂರಿಸ್ತಿದ್ನಲ್ಲ ನಾನು."

"ಕೂರಿಸ್ಲಿಲ್ವಲ್ಲ ದೊಡ್ಡಪ್ಪ," ಎಂದಳು ಸಿಂಚನ. "ಕಾಫಿ ಕುಡೀರಿ."

ಆಮೇಲೆ ಅವಳು ಬೆಲ್ಟಿನ ಜೊತೆಗೇ ಇರುವ ಇನ್ನೆರಡು ಭಾಗ ತೋರಿಸಿದಳು. ಬೆಲ್ಟನ್ನು ಬಿಗಿಯಾಗಿ ಹಿಡಿದಿರುವ ಸಣ್ಣ ಚಕ್ರ ಒಂದು, ನೀರಿನ ಪಂಪು ಇನ್ನೊಂದು. ಪಂಪಿನಿಂದ ನೀರು ಸಣ್ಣಗೆ ಜಿನುಗುತ್ತಿತ್ತು. "ಇವನ್ನೂ ಈಗಲೇ ಬದಲಾಯ್ಸೋದು ಒಳ್ಳೇದು, ಬೆಲ್ಟಿನ ಜೊತೆಗೇ ತರಿಸಿದ್ದೀನಿ. ಹೊಸ ಬೆಲ್ಟು ಹಾಕಿ ಹಳೇ ಪಂಪು ಬಿಟ್ರೆ, ಅದು ಕೈಕೊಟ್ಟಾಗ ಮತ್ತೆ ಎಲ್ಲಾ ಬಿಚ್ಚಬೇಕು." ಎಣ್ಣೆ ಎಲ್ಲಿಂದ ಸೋರಿತೆಂದು ಹುಡುಕಿ ಅದನ್ನೂ ಸರಿಪಡಿಸಿದಳು. ಬೈರಪ್ಪ ಎಲ್ಲದಕ್ಕೂ ಹೂಂ ಎಂದ. ನಾನು ನೋಡಿದ ಹಾಗೆ ಅವನು ಒಂದೇ ದಿನ ಅಷ್ಟು ಹೂಂ ಅಂದದ್ದು ಅದೇ ಮೊದಲು.

"ನಮ್ಮನೆಯವರ ಕಾರಿಗೂ ಇಂಥ ಬೆಲ್ಟು ಇರ್ತದಾ ಸಿಂಚನಾ?" ಎಂದು ನಾನೂ ಕೇಳಿದೆ.

"ಎಲ್ಲಾ ಕಾರಿಗೂ ಇರಲ್ಲ ಅತ್ತೆ. ಕೆಲವಕ್ಕೆ ಬೆಲ್ಟಿನ ಬದಲು ಚೈನ್ ಇರುತ್ತೆ, ಅದು ಹೆಚ್ಚು ಕಾಲ ಬರುತ್ತೆ. ನಿಮ್ಮ ಕಾರಿಗೆ ಯಾವುದು ಅಂತ ಪುಸ್ತಕದಲ್ಲಿದೆ. ಪುಸ್ತಕ ಕಳ್ಕೊಂಡಿದ್ರೆ ಗಾಡಿ ನಂಬರ್ ಕಳಿಸಿ, ನೋಡಿ ಹೇಳ್ತೀನಿ."

ಕೊನೆಗೆ ಅವಳು ಒಂದು ಚೀಟಿಯಲ್ಲಿ ಆ ದಿನದ ತಾರೀಕು, ಮೀಟರಿನ ಕಿಲೋಮೀಟರು ಬರೆದು ಇಂಜಿನ್ ಮುಚ್ಚಳದ ಒಳಬದಿಗೆ ಅಂಟಿಸಿದಳು. ಮುಂದಿನ ಸಲ ಬದಲಾಯಿಸಬೇಕಾದ ವರ್ಷವನ್ನೂ ಬರೆದಳು. ಬೈರಪ್ಪ ಅದನ್ನು ಓದಿ, ಬೆರಳು ಮಡಚಿ ಲೆಕ್ಕ ಹಾಕಿ, "ಅಷ್ಟೊತ್ತಿಗೆ ನಮ್ಮ ಕೂಸು ಒಂದ್ನೇ ಕ್ಲಾಸು!" ಎಂದು ಹಿಗ್ಗಿದ.

ಸೋಮವಾರ ಬೆಳಗ್ಗೆ ರಾಹುಕಾಲಕ್ಕೆ ಮುಂಚೆ, ಏಳು ಗಂಟೆಗೆಲ್ಲ ಹೊರಟರು. ಬೀದಿಯವರೆಲ್ಲ ಸೇರಿದ್ದೆವು. ಯಶಸ್ವಿನಿಯ ಮಡಿಲು ತುಂಬಿದೆವು. ಕೂಸಿನ ಕೆನ್ನೆಗೆ ಅಕ್ಕಯಮ್ಮ ಇಷ್ಟು ದೊಡ್ಡ ದೃಷ್ಟಿಬೊಟ್ಟು ಇಟ್ಟಳು, ಕೆನ್ನೆಯೇ ಕಾಣುತ್ತಿರಲಿಲ್ಲ. ತೊಟ್ಟಿಲು ಡಿಕ್ಕಿಯಲ್ಲಿ, ಚಿಗಳಿ ಡಬ್ಬ ಜ್ಯೋತಿಲಕ್ಷ್ಮಿಯ ಕಾಲಡಿಯಲ್ಲಿ, ಕೂಸು ತಾಯಿಯ ತೋಳಲ್ಲಿ. ಮುಂದಿನ ಸೀಟಿನಲ್ಲಿ ಅಕ್ಕಯಮ್ಮ, ಕೈಯಲ್ಲಿ ಎಲೆ ಅಡಿಕೆ ಚೀಲ. ಬೈರಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಸ್ಟೇರಿಂಗ್ ಮುಂದೆ ಕೂತು ನಮ್ಮತ್ತ ಕೈ ಬೀಸಿದ. ಮದುಮಗನಿಗೂ ಅಷ್ಟು ಸಂಭ್ರಮ ಇರುವುದಿಲ್ಲ ಬಿಡಿ.

ದೇವನಹಳ್ಳಿ ದಾಟಿತು, ದೊಡ್ಡಬಳ್ಳಾಪುರ ದಾಟಿತು. ಹಿಂದೆ ಮುಂದೆ ಲಾರಿಗಳು ಬುಸುಗುಟ್ಟುತ್ತಾ ಹೋದವು. ಕೂಸು ಕಣ್ಣು ತೆರೆಯಲಿಲ್ಲ. "ಒಂದು ಕಡೆ ಹೂವಿನವರ ಹತ್ರ ನಿಲ್ಸಿದ್ದು ಬಿಟ್ರೆ ಗಾಡಿ ಎಲ್ಲೂ ನಿಲ್ಲಲಿಲ್ಲ," ಎಂದು ಜ್ಯೋತಿಲಕ್ಷ್ಮಿ ಆಮೇಲೆ ಹೇಳಿದಳು. "ನಮ್ಮೆಜಮಾನ್ರು ದಾರಿಯುದ್ದಕ್ಕೂ ಹಾಡು ಗುನುಗ್ತಾನೇ ಇದ್ರು. ಸ್ವರ ಮಾತ್ರ ಒಂದೂ ಸರಿ ಇರ್ಲಿಲ್ಲ."

ಬೀಗರ ಮನೆಯ ಬಾಗಿಲಲ್ಲಿ ಆರತಿ ತಟ್ಟೆ ಕಾಯುತ್ತಿತ್ತು. ಅಮರ್ ಓಡಿ ಬಂದು ಕೂಸನ್ನು ಎತ್ತಿಕೊಂಡ. ಆಗ ಕೂಸು ಕಣ್ಣು ಬಿಟ್ಟು, ಅಪ್ಪನ ಮುಖ ನೋಡಿ, ಬೊಚ್ಚುಬಾಯಿ ತೆರೆದು ನಕ್ಕಿತು. ಅಮರ್‌ಗೆ ಅಳು ಬಂತು. ಅದನ್ನು ನೋಡಿ ಬೈರಪ್ಪನಿಗೂ ಬಂತು. ಹೆಗಲ ಮೇಲಿನ ಟವೆಲಿನಲ್ಲಿ ಕಣ್ಣೊರೆಸಿಕೊಂಡು ಸುತ್ತ ನೋಡಿದರೆ ಕೊಟ್ಟಿಗೆಯ ಪಕ್ಕ ಬೀಗರಾದ ಪಾಪಯ್ಯನವರ ಕಾರು, ಟಾರ್ಪಾಲಿನ್ ಹೊದ್ದುಕೊಂಡು ನಿಂತಿತ್ತು.

"ಬೀಗ್ರೇ, ನಿಮ್ಮ ಗಾಡಿಗೆ ಎಷ್ಟು ವರ್ಷ ಆಯ್ತು?"

"ಒಂಬತ್ತು. ಯಾಕೆ ಬೀಗ್ರೇ? ಮೊದಲು ಕೈಕಾಲು ತೊಳ್ಕೊಳ್ಳಿ, ಎಲೆ ಹಾಕಾಗಿದೆ."

"ಒಳಗಿನ ಬೆಲ್ಟು ಬದಲಾಯ್ಸಿದ್ದೀರಾ?"

"ಬೆಲ್ಟಾ? ಗಾಡಿ ಓಡೇ ಇಲ್ಲ ಕಣ್ರೀ, ಹೊಸದಿದ್ದ ಹಂಗೈತೆ. ಒಂದು ಸದ್ದಿಲ್ಲ!"

ಬೈರಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡು ಆ ಕಾರಿನ ಮುಂದೆ ಹೋಗಿ ನಿಂತ. "ಎಲೆ ಹಂಗೇ ಇರ್ಲಿ. ಮೊದಲು ಕಾರಿನ ಪುಸ್ತಕ ತಗೊಂಡು ಬನ್ನಿ ಬೀಗ್ರೇ. ನಾಳೆಯಿಂದ ಈ ಕೂಸನ್ನ ಕೂರಿಸ್ಕೊಂಡು ಓಡಾಡೋರು ನೀವು. ಪುಸ್ತಕ ನೋಡೋವರ್ಗೂ ನಾನು ಊಟಕ್ಕೆ ಕೂರಲ್ಲ."

ಓದುವ, ಕೇಳುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಮುಂದೆಯೂ ಒಂದು ಕಾರು ನಿಂತಿರಬಹುದು. ಅದರಲ್ಲಿ ನಿಮ್ಮ ಮಕ್ಕಳು, ಮೊಮ್ಮಕ್ಕಳು ಕೂರುತ್ತಾರೆ. ಅದಕ್ಕೆ ಟೈಮಿಂಗ್ ಬೆಲ್ಟು ಇದೆಯೋ, ಚೈನು ಇದೆಯೋ ಎಂದು ಇವತ್ತೇ ತಿಳಿದುಕೊಳ್ಳಿ. ಬೆಲ್ಟು ಇದ್ದರೆ ಎಷ್ಟು ಕಿಲೋಮೀಟರಿಗೆ, ಎಷ್ಟು ವರ್ಷಕ್ಕೆ ಬದಲಾಯಿಸಬೇಕೆಂದು ಪುಸ್ತಕದಲ್ಲಿ ಬರೆದಿರುತ್ತದೆ. ಒಂದೊಂದು ಕಾರಿಗೆ ಒಂದೊಂದು ಲೆಕ್ಕ, ಪಕ್ಕದ ಮನೆಯವರ ಲೆಕ್ಕ ನಿಮಗೆ ಆಗುವುದಿಲ್ಲ. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಆಗಲೇ ಬದಲಾಯಿಸಿ. ಕಾರು ಶೆಡ್ಡಿನಲ್ಲೇ ನಿಂತಿದ್ದರೂ ವರ್ಷ ನಿಲ್ಲುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದು, ಹಿಂದಿನವರು ಬದಲಾಯಿಸಿದ ದಾಖಲೆ ಸಿಗದಿದ್ದರೆ ಬದಲಾಯಿಸಿಲ್ಲ ಎಂದೇ ತಿಳಿಯಿರಿ. ಬೆಲ್ಟಿನ ಹತ್ತಿರ ಎಣ್ಣೆಯೋ ನೀರೋ ಸೋರುತ್ತಿದ್ದರೆ ವರ್ಷ ತುಂಬುವವರೆಗೂ ಕಾಯಬೇಡಿ, ಬಲ್ಲವರಿಗೆ ತೋರಿಸಿ. ಬೆಲ್ಟಿಗೆ ಆಗುವ ಖರ್ಚು ಹರಿದ ಮೇಲೆ ಇಂಜಿನ್ನಿಗೆ ಆಗುವ ಖರ್ಚಿನ ಮುಂದೆ ಏನೇನೂ ಅಲ್ಲ.

ಪಾಪಯ್ಯನವರು ಪುಸ್ತಕ ತಂದರಾ ಎಂದು ಕೇಳುತ್ತೀರಾ? ತಂದರು. ಅವರ ಕಾರಿಗೂ ವರ್ಷ ಮೀರಿತ್ತು. ಬುಧವಾರವೇ ಗ್ಯಾರೇಜಿಗೆ ಬಿಟ್ಟರು, ಆಮೇಲೆಯೇ ಕೂಸನ್ನು ಕೂರಿಸಿದರು. ನೀವೂ ಈಗಲೇ ಎದ್ದು ಹೋಗಿ ಪುಸ್ತಕ ತೆಗೆದು ನೋಡಿ. ಊಟ ಆಮೇಲೆ ಮಾಡಿದರಾಯಿತು.